ವೀಳ್ಯದೆಲೆಯ ತೊಟ್ಟು

ಮೊನ್ನೆ ಸವಣೂರು ಪೇಟೆಯಿಂದ ತಂದ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಕೂತಿದ್ದೆ. ಪಕ್ಕದಲ್ಲೇ ಮೊಣಕಾಲಿಗೆ ಹಚ್ಚಿಕೊಂಡ ಹರಳೆಣ್ಣೆಯ ಬಟ್ಟಲು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಆಚೆಮನೆಯ ಅಜ್ಜಿ ಎದುರಿಗೆ ಬಂದು ಕೂತಂತಾಯಿತು...

ಇದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ವಿಷಯವಲ್ಲ. ಆದರೆ ಈ ವಯಸ್ಸಿನಲ್ಲಿ ಇನ್ನೆಂಥ ನಾಚಿಕೆ! ಐವತ್ತರ ದಶಕದಲ್ಲಿ ನಾನು ಹುಟ್ಟಿದಾಗ ಮೂರು ದಿನವಾದರೂ ಮಲ ಹೋಗಲಿಲ್ಲವಂತೆ. ಹೊಟ್ಟೆ ಉಬ್ಬಿ, ಹಸಿರು ವಾಂತಿ ಬೇರೆ. ಬಾಣಂತಿ ಕದ್ದು ಹಲಸಿನಹಣ್ಣು ತಿಂದಿದ್ದಾಳೆ, ಹಾಲು ಕೆಟ್ಟಿದೆ ಎಂದು ಮನೆಯವರು ತೀರ್ಮಾನಿಸಿ ಅಮ್ಮನ ಊಟವನ್ನೇ ನಿಲ್ಲಿಸಿದರು. ಆಗ ಅಜ್ಜಿ ಬಂದು, ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ನನ್ನ ಗುದದೊಳಗೆ ಮೆಲ್ಲಗೆ ತೂರಿಸಿದರು. ತಡೆದದ್ದೆಲ್ಲ ಗಾಳಿಯ ಸಮೇತ ಅವರ ಸೀರೆಯ ಮೇಲೆಯೇ ಬಂತಂತೆ.

"ನಿನ್ನ ಹಾಲಿಗೆ ಎಂತ ಆಗ್ಲಿಲ್ಲ ಮಾರಾಯ್ತಿ. ಇವಳ ಕಡೆಯ ಬಾಗಿಲಿಗೆ ತೆರೆಯಲಿಕ್ಕೆ ಗೊತ್ತಿಲ್ಲ, ಅಷ್ಟೆ. ಆಯ್ತು, ಇನ್ನು ನೀನು ಉಣ್ಣು," ಎಂದರಂತೆ.

ಆಮೇಲೆ ಏಳು ವರ್ಷ, ಎರಡು ದಿನಕ್ಕೊಮ್ಮೆ ಅಜ್ಜಿ ಬಂದರು. ನಾನು ಬೆಳೆದು ತೊಟ್ಟು ಸಾಲದಾದಾಗ, ಪುತ್ತೂರಿನ ಡಾಕ್ಟರರ ಹತ್ತಿರ ಎನಿಮಾ ಕೊಡುವುದನ್ನು ಕಲಿತು ಬಂದರು. ಒಂದು ದಿನವೂ ಮೂಗು ಮುಚ್ಚಿಕೊಂಡವರಲ್ಲ. ನನ್ನದು ಆಗುವವರೆಗೆ ಅಮ್ಮ ತುತ್ತು ಮುಟ್ಟುತ್ತಿರಲಿಲ್ಲ. ಕೆಲಸ ಮುಗಿಸಿ ಕೈ ತೊಳೆಯುತ್ತಾ ಅಜ್ಜಿ ಅಡುಗೆಮನೆಯತ್ತ ಕೂಗುತ್ತಿದ್ದರು: "ಆಯ್ತು ಮಾರಾಯ್ತಿ, ಇನ್ನು ನೀನು ಉಣ್ಣು!"

ಕೊನೆಗೆ ಮಂಗಳೂರಿನ ಡಾಕ್ಟರರೊಬ್ಬರು ಕಾರಣ ಹೇಳಿದರು. ನನ್ನ ಕರುಳಿನ ಕೊನೆಯ ಗೇಣುದ್ದದಲ್ಲಿ ಹುಟ್ಟಿನಿಂದಲೇ ನರಕೋಶಗಳಿರಲಿಲ್ಲ. ಅವಿಲ್ಲದೆ ಆ ಭಾಗ ಸಡಿಲವಾಗದೆ ಬಿಗಿದುಕೊಂಡೇ ಇತ್ತು; ಮಲವೆಲ್ಲ ಅದರ ಮೇಲೆ ತುಂಬಿ ಒಳ್ಳೆಯ ಕರುಳು ಉಬ್ಬುತ್ತಿತ್ತು. ಆ ತುಂಡನ್ನು ತೆಗೆದು, ಒಳ್ಳೆಯ ಕರುಳನ್ನು ಕೆಳಗೆಳೆದು ಜೋಡಿಸಿದರು. ಅಮ್ಮ ಆ ದಿನ ಅತ್ತದ್ದು ಹೆದರಿಕೆಯಿಂದಲ್ಲ. ಹಲಸಿನಹಣ್ಣಿನ ಅಪವಾದ ಏಳು ವರ್ಷಕ್ಕೆ ಕಳೆದಿತ್ತು.

ಊರಿಗೆ ಬಂದಾಗ ಶಾಲೆಯ ಗೆಳತಿಯರು ನೋಡಲು ಬಂದಿದ್ದರು. ಅಜ್ಜಿ ಓಡೋಡಿ ಬಂದು, ಬಾಗಿಲಲ್ಲೇ ನಿಂತು, "ಈಗ ನೀನಾಗಿಯೇ ಹೋಗುದಾ ಮಗಳೇ?" ಎಂದರು. ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

"ಹೌದು. ನೀವಿನ್ನು ಬರುದು ಬೇಡ."

ಅಜ್ಜಿ ನಕ್ಕರು. "ನಂಗೂ ಅದೇ ಬೇಕಾದ್ದು," ಎಂದು ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದರು. ಕೈ ಒದ್ದೆಯಿರಲಿಲ್ಲ...

ನಿಜಕ್ಕೂ ಮತ್ತೆ ಬರಲಿಲ್ಲ. ಆ ವರ್ಷವೇ ಗುಂಡ್ಯದ ಮಗಳ ಮನೆಗೆ ಹೋದರು. ಮರುವರ್ಷ ತೀರಿಕೊಂಡ ಸುದ್ದಿ ಬಂತು. ಆ ನಗು ಸಂತೋಷದ್ದೋ, ನೋವು ನುಂಗಿದ್ದೋ, ನನಗಿಂದೂ ಗೊತ್ತಿಲ್ಲ. ಕ್ಷಮಿಸಿ ಎನ್ನಲಿಕ್ಕೂ ಅವರಿಲ್ಲ.

ಬೆಳಿಗ್ಗೆ ಪಾಯಿಖಾನೆಯಿಂದ ಹೊರಬಂದು ಕೈ ತೊಳೆಯುವಾಗ, ಲೋಕಕ್ಕೆಲ್ಲ ಸುಲಭವಾದ ಆ ಕೆಲಸ ನನಗೂ ಸುಲಭವಾಗಿ ಮುಗಿದಿರುವಾಗ, ಅವರು ಬೇಕೆನಿಸುತ್ತದೆ. ಯಾರಿಗೂ ಕೇಳದ ಹಾಗೆ ಹೇಳುತ್ತೇನೆ: ಆಯ್ತು ಅಜ್ಜೀ, ಇನ್ನು ನೀವು ಉಣ್ಣಿ.