ದಾರಿಗೆ ಅಡ್ಡ ಇಟ್ಟ ಕವಳಿ ಕಂಟಿ

ಸೈಕಲ್ ತುಳಿಯಲು ಶುರು ಮಾಡಿದ್ದು ಐವತ್ತು ದಾಟಿದ ಮೇಲೆ, ಡಾಕ್ಟರ್ ಹೇಳಿದರೆಂದು. ಕಾಡಿನಲ್ಲೇ ತುಳಿಯಬೇಕೆಂದು ಅವರು ಹೇಳಿರಲಿಲ್ಲ. ಅದು ಹೆದರಿಕೆಯಿಂದ ಆದದ್ದು. ಶನಿವಾರ ಬಂತೆಂದರೆ ದಾಂಡೇಲಿಯಿಂದ ಜೋಯಿಡಾ ಕಡೆಗಿನ ರಸ್ತೆಯಲ್ಲಿ ರೆಸಾರ್ಟಿಗೆ ಹೊರಟ ಕಾರುಗಳು ತಿರುವಿನಲ್ಲೂ ಒಂದನ್ನೊಂದು ಹಿಂದೆ ಹಾಕುತ್ತವೆ. ಪ್ರತಿ ಹಾರ್ನಿಗೂ ನಾನು ಡಾಂಬರು ಬಿಟ್ಟು ಮಣ್ಣಿಗೆ ಇಳಿದು, ಒಂದು ಕಾಲು ಊರಿ ನಿಂತು, ಕಾರು ಕಣ್ಮರೆಯಾದ ಮೇಲೆ ಮತ್ತೆ ಹತ್ತುತ್ತಿದ್ದೆ. ಅಂಬೇವಾಡಿಯ ಮನೆಯಿಂದ ಹೊರಟು ಎರಡು ತಾಸಾದರೂ ಮನೆಯ ಪಕ್ಕದ ಹೋಟೆಲಿನ ಒಗ್ಗರಣೆ ವಾಸನೆ ಹಿಂದೆಯೇ ಬಂದಂತೆ ಅನಿಸುತ್ತಿತ್ತು. ಹಾಗಾಗಿ ಕಾರು ಬರಲಾಗದ ದಾರಿಗಳನ್ನು ಹುಡುಕತೊಡಗಿದೆ.

"ಕಾರ್ ಬರದ ದಾರಿ ಅಂದ್ರ ಆನಿ ಬರೋ ದಾರಿ," ಎಂದಳು ಹೆಂಡತಿ. "ಯಾವ್ದು ಚಲೋ ಅಂತ ಕುಂತು ವಿಚಾರ ಮಾಡ್ರಿ."

ವಿಚಾರ ಮಾಡುವುದೊಂದು ನನಗೆ ಚೆನ್ನಾಗಿ ಬರುತ್ತದೆ. ಎರಡಕ್ಕೂ ತಯಾರಾಗಿಯೇ ಹೊರಡುವುದೆಂದು ತೀರ್ಮಾನಿಸಿ ಕ್ಯಾರಿಯರ್‌ನ ಎರಡೂ ಬದಿಗೆ ಚೀಲ ಕಟ್ಟಿಸಿದೆ. ಒಂದರಲ್ಲಿ ಎರಡು ಟ್ಯೂಬು, ಪಂಪು, ಪಂಕ್ಚರ್ ಡಬ್ಬಿ. ಇನ್ನೊಂದರಲ್ಲಿ ಬಿಪಿ ಗುಳಿಗೆ, ಹೊಟ್ಟೆ ಕೆಟ್ಟರೆ ನುಂಗಲು ಗುಳಿಗೆ, ಕೆಡದಿದ್ದರೆ ತಿನ್ನಲು ಚುರುಮುರಿ, ಚಳಿಗಾಲಕ್ಕೂ ರೇನ್‌ಕೋಟು, ಆನೆ ಎದುರಾದರೆ ಊದಲು ಒಂದು ಸೀಟಿ. ಸೀಟಿಯ ಬಗ್ಗೆ ಕುಳಗಿಯಲ್ಲಿ ಒಬ್ಬ ಫಾರೆಸ್ಟ್ ಗಾರ್ಡನ್ನು ಕೇಳಿದ್ದೆ.

"ಊದ್ರಿ," ಎಂದ. "ನೀವು ಎಲ್ಲಿದ್ದೀರಿ ಅಂತ ಅದಕ್ಕ ಗೊತ್ತಾಗ್ತೈತಿ."

ಈ ಕಡೆಯ ಕಾಡಿನೊಳಗೆ ಸೈಕಲ್ ಬಿಡುವುದಿಲ್ಲ, ಮಂದಿ ನಡೆದಾಡುವ ದಾರಿ ಬೇಕಿದ್ದರೆ ಹಳಿಯಾಳ ದಾಟಿ ಮುಂಡಗೋಡದ ಕಡೆ ಹೋಗಿ ಎಂದವನೂ ಅವನೇ. ನಿಜ ಹೇಳಬೇಕೆಂದರೆ ನನಗೆ ಆನೆಗಿಂತ ಹೆದರಿಕೆ ಇದ್ದದ್ದು ಪಂಕ್ಚರಿಗೆ. ಟ್ಯೂಬು ಬದಲಿಸುವುದು ನನಗೆ ಬರುತ್ತಿರಲಿಲ್ಲ. ಇಟ್ಟುಕೊಂಡಿರುವುದು ಮಾತ್ರ ಬರುತ್ತಿತ್ತು.

ಭತ್ತದ ಕೊಯ್ಲು ಮುಗಿದ ಒಂದು ದಿನ ಸೈಕಲ್ಲನ್ನು ಟೆಂಪೋದಲ್ಲಿ ಹೇರಿ ಹಳಿಯಾಳದ ಆಚೆಗೆ ಹೋಗಿ ಇಳಿದೆ. ಟೆಂಪೋದ ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ. ಅಲ್ಲಿಂದ ಸಾಗವಾನಿಯ ನಡುವೆ ಹಳೆಯ ಬಂಡಿ ದಾರಿ. ಮೂರು ತಾಸಿನಲ್ಲಿ ಒಂದು ಕಾರು ಬರಲಿಲ್ಲ, ಒಂದು ಮೋಟರ್‌ಸೈಕಲ್ ಬರಲಿಲ್ಲ. ಒಣ ಎಲೆಯ ಮೇಲೆ ಗಾಲಿ ಉರುಳುವ ಸದ್ದು ಹಪ್ಪಳ ಮುರಿದಂತೆ ಕೇಳುತ್ತಿತ್ತು. ಇಷ್ಟು ನೆಮ್ಮದಿ ಯಾಕಿದೆ, ಏನು ಕಾದಿದೆಯೋ ಎಂದು ಆಗಾಗ ಹಿಂದೆ ನೋಡುತ್ತಿದ್ದೆ.

ಒಂದು ಕಡೆ ಬಲಗಡೆಯ ಕೇರಿಯಿಂದ ಬಂದ ಕಾಲುದಾರಿ ನನ್ನ ದಾರಿಗೆ ಕೂಡಿತು. ಅದರ ಮುಂದೆಯೇ ದಾರಿ ಎರಡಾಗಿ ಒಡೆದಿತ್ತು. ಎಡಗಡೆಯದರ ಬಾಯಿಗೆ ಅಡ್ಡವಾಗಿ ಹೊಸದಾಗಿ ಕಡಿದ ಕವಳಿ ಕಂಟಿ ಬಿದ್ದಿತ್ತು. ಬೇಸಿಗೆಯಲ್ಲಿ ಕಪ್ಪು ಹಣ್ಣು ಕೊಟ್ಟು ಉಳಿದ ಕಾಲವೆಲ್ಲ ಬರೀ ಮುಳ್ಳು ಕೊಡುವ ಗಿಡ ಅದು. ಯಾರೋ ಬೇಕೆಂದೇ ಇಟ್ಟಿದ್ದಾರೆ, ಗಾಲಿಯ ಮೇಲೆ ಬರುವವರನ್ನು ಕಂಡರೆ ಆಗದವರು ಎಂದುಕೊಂಡೆ. ನನ್ನ ಹಿಂದೆ ಬರುವ ಸೈಕಲ್ಲಿನವರಿಗೆ ಉಪಕಾರವಾಗಲೆಂದು ಕೈಗವಸು ಹಾಕಿ ಅದನ್ನು ಎತ್ತಿ ಪೊದೆಯಾಚೆ ಎಸೆದೆ. ಫೋನಿನ ನಕ್ಷೆ ಬಲಕ್ಕೆ ತೋರಿಸಿತು, ಬಲಕ್ಕೆ ಹೋದೆ. ಅರ್ಧ ತಾಸಿನ ಮೇಲೆ ಇನ್ನೊಂದು ಕವಲು, ಇನ್ನೊಂದು ಕಂಟಿ. ಅದನ್ನೂ ಎಸೆದೆ. ಸಮಾಜಸೇವೆ ಮಾಡಿದವನಿಗೆ ಬರುವ ಒಂದು ಬಗೆಯ ಹಸಿವಾಗಿ ಚುರುಮುರಿ ತಿಂದೆ.

ಒಂದೂವರೆಗೆ ಡಾಂಬರು ರಸ್ತೆ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬ ಸಿದ್ದಿ ಹೆಂಗಸು ಗಂಟು ಇಟ್ಟುಕೊಂಡು ಕೂತಿದ್ದಳು.

"ಇಷ್ಟ ಸಾಮಾನ ಹೇರ್ಕೊಂಡೀರಿ, ಸಂತಿಗೆ ಹೊಂಟೀರೇನ್ರಿ?" ಎಂದಳು.

"ಇಲ್ರಿ ಅಕ್ಕಾರ, ಸುಮ್ನ ತಿರಗ್ಯಾಡಾಕ."

"ಸುಮ್ನ," ಎಂದು ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡಿದಳು. "ಬರೂಮುಂದ ದಾರ್ಯಾಗ ನಮ್ಮಕ್ಕ ಕಂಡ್ಳೇನ್ರಿ? ಹಸರ ಸೀರಿ, ಕೈಯಾಗ ಕೋಲು."

ಯಾರೂ ಕಾಣಲಿಲ್ಲ ಎಂದೆ. ಅವಳು ವಿಷಯ ಹೇಳಿದಳು. ಅಕ್ಕನ ಒಂದು ಕಣ್ಣು ಮೊದಲೇ ಹೋಗಿದೆ, ಇನ್ನೊಂದಕ್ಕೆ ಪೊರೆ. ನಾಳೆ ಬೆಳಿಗ್ಗೆ ಮುಂಡಗೋಡದಲ್ಲಿ ಆಪರೇಷನ್, ಇವತ್ತು ಸಂಜೆಯೊಳಗೆ ದವಾಖಾನೆ ಸೇರಬೇಕು. ಇರುವುದು ಮೂರು ಗಂಟೆಯ ಬಸ್ಸೊಂದೇ. ಇದು ತಪ್ಪಿದರೆ ಆಪರೇಷನ್ ಮಾಡುವ ಡಾಕ್ಟರು ಮತ್ತೆ ಬರುವುದು ಯುಗಾದಿಯ ಹೊತ್ತಿಗೆ. ಇವಳು ಇಲ್ಲಿಯ ನರ್ಸಮ್ಮನಿಂದ ದವಾಖಾನೆಯ ಚೀಟಿ ಇಸಿದುಕೊಳ್ಳಲು ಬೇಗ ಬಂದಿದ್ದಳು.

"ಕೈ ಹಿಡದು ಕರ್ಕೊಂಡ ಬರ್ತೇನಿ ಅಂದ್ರ ಆಕಿಗೆ ಸಿಟ್ಟ. ನಾ ಏನ್ ಕುರುಡಿ ಏನ್ ಅಂತಾಳ. ಹಳೇ ದಾರಿಗೆ ಆನಿ ಬರಬಾರ್ದಂತ ಅಗಳ ತೋಡ್ಯಾರ, ಹೊಸಾದು ಆಕಿಗೆ ಗೊತ್ತಿಲ್ಲ. ಆದ್ರೂ ತಪ್ಪಂಗಿಲ್ಲ ಬಿಡ್ರಿ, ಎರಡೂ ಕವಲಿಗೆ ಕಂಟಿ ಇಟ್ಟ ಬಂದೇನಿ. ಕೋಲಿಗೆ ಹತ್ತತೈತಿ."

"ಎಂಥಾ ಕಂಟಿ?" ಎಂದೆ. ಗೊತ್ತಾಗಿತ್ತು, ಆದರೂ ಕೇಳಿದೆ.

"ಕವಳಿದ್ರಿ. ಹೋಗಬಾರದ ದಾರಿಗೆ ಅಡ್ಡ ಇಡ್ತೀವಿ, ಹಿಂದ ಬರೋರಿಗೆ ತಿಳೀಲಿ ಅಂತ. ಬ್ಯಾರೆ ಸೊಪ್ಪಾದ್ರ ದನಾ ತಿಂದ ಬಿಡ್ತಾವ."

ಬಿಪಿ ಗುಳಿಗೆ ಚೀಲದಲ್ಲೇ ಇತ್ತು. ತೆಗೆಯಲು ಕೈ ಬರಲಿಲ್ಲ.

"ಅಕ್ಕಾರ, ಅವನ್ನ ನಾನ ತಗದ ಒಗದೆ. ಪಂಕ್ಚರ್ ಆಗ್ತೈತಿ ಅಂತ."

ಅವಳು ನನ್ನನ್ನು ನೋಡಿದಳು, ಆಮೇಲೆ ಗಾಲಿಗಳನ್ನು ಒಂದೊಂದಾಗಿ ನೋಡಿದಳು. "ನಿಮ್ಮ ಗಾಲಿ ಉಳದ್ವು," ಎಂದಳು. "ನಮ್ಮಕ್ಕನ ಕಣ್ಣ?"

ನಾನು ಸೈಕಲ್ ತಿರುಗಿಸಿದೆ. ಬಸ್ಸು ಬಂದರೆ ತಾನು ನಿಲ್ಲಿಸುತ್ತೇನೆಂದು ಹಿಂದಿನಿಂದ ಹೇಳಿದಳು.

ವಾಪಸು ಹೋಗುವಾಗ ಮೊದಲು ಸಿಕ್ಕ ಕವಲಿನ ಧೂಳಿನಲ್ಲಿ ನನ್ನ ಗಾಲಿಯ ಗುರುತು ಬಿಟ್ಟರೆ ತಂಗಿಯ ಸಣ್ಣ ಪಾದಗಳ ಗುರುತು ಮಾತ್ರ ಇತ್ತು. ಕೋಲು ಊರಿದ ಗುರುತಿರಲಿಲ್ಲ. ಅಂದರೆ ಅಕ್ಕ ಇಲ್ಲಿಗೆ ಬಂದೇ ಇಲ್ಲ. ಕೇರಿಯ ದಾರಿ ಕೂಡುವ ಕವಲಿನಲ್ಲಿ, ನಾನು ಕಂಟಿ ಎತ್ತಿ ತೆರವು ಮಾಡಿದ್ದ ಎಡದಾರಿಯ ಅಂಚಿನಲ್ಲಿ, ಬೆರಳಿನಿಂದ ಚುಚ್ಚಿದಂಥ ತೂತುಗಳು ಸಾಲಾಗಿ ಹೋಗಿದ್ದವು. ದಾರಿ ಇಳಿದು ಹಳ್ಳದ ಕಡೆಗೆ ಸಾಗಿತ್ತು. ಕೂಗಲು ಹೆಸರು ಗೊತ್ತಿಲ್ಲ. ಬೆಲ್ ಬಾರಿಸಿದೆ. ಆಮೇಲೆ ಆನೆಯ ಸೀಟಿ ನೆನಪಾಗಿ ಊದಿದೆ.

"ಯಾರದು, ಕಂಡಕ್ಟರಾ?" ಎಂದು ಕೆಳಗಿನಿಂದ ದನಿ ಬಂತು. "ಬಸ್ ಇಲ್ಲೀತನಕ ಬಂತೇನು?"

ಹಳ್ಳದ ದಂಡೆಯ ಕಲ್ಲಿನ ಮೇಲೆ ಹಸಿರು ಸೀರೆಯವಳು ಕೂತಿದ್ದಳು. ನನ್ನದೇ ವಯಸ್ಸು, ಎರಡು ಮೂರು ವರ್ಷ ಹೆಚ್ಚಿದ್ದೀತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ನೀರಿನ ಸಪ್ಪಳ ಕೇಳಿದ ಕೂಡ್ಲೆ ದಾರಿ ತಪ್ಪೇತಿ ಅಂತ ತಿಳೀತು. ನನ್ನ ತಂಗಿ ಕಂಟಿ ಮರಿಯಾಕಿ ಅಲ್ಲ. ಯಾರೋ ಹೊಸಬಾ ಬಂದಾನ ಅನ್ಕೊಂಡು ಕುಂತೆ," ಎಂದಳು. "ಹೊತ್ತೆಷ್ಟಾತು ತಮ್ಮಾ?"

ಎರಡೂಕಾಲಾಗಿತ್ತು. ನಡೆದರೆ ಆಗುವುದಿಲ್ಲ. ಚೀಲಗಳನ್ನು ಬಿಚ್ಚಿ ಮತ್ತಿ ಮರದ ಹಿಂದೆ ಇಟ್ಟೆ, ರೇನ್‌ಕೋಟನ್ನು ಮಡಚಿ ಕ್ಯಾರಿಯರ್ ಮೇಲೆ ಹಾಸಿದೆ. ಅವಳು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತು ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ಏರಿನಲ್ಲಿ ಇಳಿದು ತಳ್ಳಿದೆ, ಇಳಿಜಾರಿನಲ್ಲಿ ಬ್ರೇಕಿನ ಬಗ್ಗೆ ಯೋಚಿಸಿದೆ, ಸಮತಟ್ಟಿನಲ್ಲಿ ಚೀಲಗಳ ಬಗ್ಗೆ ಯೋಚಿಸಿದೆ. ಅವಳ ಕೋಲು ಆಗಾಗ ನನ್ನ ಮೊಣಕಾಲಿಗೆ ತಾಗುತ್ತಿತ್ತು.

"ಬೀಡಿ ಸೇದ್ತೀ ಏನು? ಉಸರ ಹಂಗ ಬಿಡಾಕತ್ತಿ."

"ಇಲ್ರಿ."

"ಮತ್ತೇನು? ಹರೇದ ಹುಡುಗ ಅದಿ, ತುಳಿ ತುಳಿ."

ಹರೆಯದವನಲ್ಲ ಎಂದು ಹೇಳಲಿಲ್ಲ. ಉಸಿರೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ನಾವು ರಸ್ತೆ ಮುಟ್ಟಿದಾಗ ಬಸ್ಸು ನಿಂತೇ ಇತ್ತು. ತಂಗಿ ಗಂಟನ್ನು ಒಳಗೆಸೆದು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡಿದ್ದಳು.

"ಅರ್ಧ ಮನಷ್ಯಾ ಒಳಗ ಅದಾಳ, ಅರ್ಧ ಹೊರಗ," ಎಂದು ಕಂಡಕ್ಟರನಿಗೆ ಹೇಳುತ್ತಿದ್ದಳು. "ಸೀಟಿ ಊದಿ ನೋಡ್ರಿ."

ಅಕ್ಕ ಹತ್ತಿದ ಮೇಲೆ ತಂಗಿ ಉಳಿದ ಅರ್ಧವನ್ನೂ ಒಳಗೆ ತೆಗೆದುಕೊಂಡಳು. ಕಿಟಕಿಯಿಂದ, "ಕಂಟಿ ತಿರಗಿ ಇಟ್ಟ ಹೋಗ್ರಿ," ಎಂದಳು, ಅಷ್ಟೇ.

ಚೀಲ ತರಲು ಹೇಗೂ ಹೋಗಬೇಕಿತ್ತು. ಪೊದೆಯಾಚೆಯಿಂದ ಕಂಟಿಗಳನ್ನು ಎಳೆದು ತಂದು, ಎರಡೂ ಕವಲಿನಲ್ಲಿ ಇಟ್ಟು, ಸರಿಯಾದ ದಾರಿಗೇ ಇಟ್ಟೆನೇ ಎಂದು ಮೂರು ಮೂರು ಸಲ ನೋಡಿದೆ. ಹಾಗೆ ನೋಡಲು ಹಿಂದೆ ಮುಂದೆ ಓಡಾಡುವಾಗ ಹಿಂದಿನ ಗಾಲಿಗೆ ಮುಳ್ಳು ಹೊಕ್ಕಿತು. ಹೊಸ ಟ್ಯೂಬು ಎರಡಿದ್ದವು. ತಳ್ಳಿಕೊಂಡು ಹೋದೆ.

ಎರಡು ತಿಂಗಳ ನಂತರ ಮುಂಡಗೋಡದ ಸಂತೆಯಲ್ಲಿ ಅಕ್ಕ ತಂಗಿ ಗೆಣಸು ಮಾರುತ್ತಿದ್ದರು. ತಂಗಿ ನನ್ನನ್ನು ಗುರುತು ಹಿಡಿದು ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಕರೀ ಕನ್ನಡಕ ತೆಗೆದು ನನ್ನನ್ನು ಕಾಲಿನಿಂದ ಮೇಲಕ್ಕೆ ನೋಡುತ್ತ ಬಂದಳು. ತಲೆಯ ಹತ್ತಿರ ನೋಟ ನಿಂತಿತು.

"ಇವರಾ?" ಎಂದಳು ತಂಗಿಗೆ. "ಕೂದಲಾ ಪೂರಾ ಬೆಳ್ಳಗಾಗೇತಲ್ಲ."

ಆಮೇಲೆ ನನಗೆ, "ಅವತ್ತ ಇಷ್ಟ ಕಂಡಿದ್ರ ನಾ ಹತ್ತತಿದ್ದಿಲ್ರೀ. ಏನರ ಆಗಿದ್ರ ನಿಮ್ಮ ಮನಿಯಾಕಿಗೆ ಯಾರು ಹೇಳಬೇಕಿತ್ತು?"

‘ತಮ್ಮಾ’ ಹೋಗಿ ‘ರೀ’ ಬಂದಿತ್ತು.

"ಸೈಕಲ್ ಎಲ್ಲೈತ್ರಿ?"

"ಬಸ್ಸಿನ್ಯಾಗ ಬಂದೇನ್ರಿ."

"ಚಲೋ ಮಾಡಿದ್ರಿ," ಎಂದು ಗೆಣಸನ್ನು ಒತ್ತಟ್ಟಿಗೆ ಸರಿಸಿ, ಗೋಣಿಚೀಲದ ಮೇಲೆ ಜಾಗ ಮಾಡಿದಳು. "ಕುಂದರ್ರಿ, ದಣದೀರಿ."