ನಾಲ್ಕು ಬೆರಳು ಎತ್ತದ ಮೌನೇಶ್ವರಿ

ಬೆಳಗಿನ ಆರು ಗಂಟೆ. ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯ ಮೇಲೆ ಇಪ್ಪತ್ತು ಮೂವತ್ತು ಟ್ರ್ಯಾಕ್ಟರ್ ಮಾಲೀಕರು ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾರೆ. ಎಲ್ಲರದೂ ಕೊನೆಯ ಓವರ್ ನೋಡುವವರ ಮುಖ. ಕೆಳಗೆ ನದಿಪಾತ್ರದಲ್ಲಿ ನಡೆಯುತ್ತಿರುವುದು ಮಾತ್ರ ಇಷ್ಟೇ: ನಲವತ್ತಮೂರರ ಒಬ್ಬ ಹೆಣ್ಣುಮಗಳು ಚೀಲದಿಂದ ಕಬ್ಬಿಣದ ರೊಟ್ಟಿ ಹಂಚು ತೆಗೆದು ಒದ್ದೆ ಮರಳಿನ ಮೇಲೆ ಬೋರಲು ಹಾಕುತ್ತಾರೆ, ಅದರ ಮೇಲೆ ಉದ್ದನೆಯ ಅಳತೆಕೋಲು ನಿಲ್ಲಿಸುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಐವತ್ತು ಹೆಜ್ಜೆ ಆಚೆ ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟ ಸರ್ವೇಯರ್ ಶಂಶುದ್ದೀನ್ ಒಂದು ಸಂಖ್ಯೆ ಬರೆದುಕೊಂಡು ಕೈ ಎತ್ತುತ್ತಾರೆ. ಅಲ್ಲಿಗೆ ಒಂದು ಗುರುತು ಮುಗಿಯಿತು.

ಕೋಲು ಹಿಡಿದಾಕೆ ಮೌನೇಶ್ವರಿ. ಮಳೆಗಾಲ ಮುಗಿದ ಮೇಲೆ ಹೊಳೆ ಎಷ್ಟು ಹೊಸ ಮರಳು ತಂದಿದೆ ಎಂದು ಅಳೆಯುವುದು ಈ ಇಬ್ಬರ ಕೆಲಸ. ಈ ಮರಳಿನ ಬಯಲಿಗೆ ಸರ್ಕಾರ ಹಾಕಿರುವ ಷರತ್ತು ಸರಳ. ಸರಾಸರಿ ಇಪ್ಪತ್ತು ಸೆಂಟಿಮೀಟರ್ ಏರಿದ್ದರೆ ಮರಳಿನ ಹರಾಜು, ಅದೂ ಹೊಸದಾಗಿ ಬಂದದ್ದರ ಅರ್ಧ ಮಾತ್ರ. ಏರದಿದ್ದರೆ ಇನ್ನೊಂದು ವರ್ಷ ಬೀಗ. ಅರ್ಥಶಾಸ್ತ್ರದ ಪಂಡಿತರು ಇದನ್ನು ಹೇಳಲು ನೂರು ಪುಟ ತೆಗೆದುಕೊಳ್ಳುತ್ತಾರೆ. ಮೌನೇಶ್ವರಿ ಅವರಿಗೆ ಒಂದೇ ಸಾಲು ಸಾಕು: "ಬೀಜದ ಜ್ವಾಳ ಎತ್ತಿಟ್ಟು ಉಳಿದದ್ದು ಉಣ್ಣಬೇಕ್ರಿ, ಮತ್ತೇನದ ಇದ್ರಾಗ?"

ಕಳೆದ ವರ್ಷ ಬೀಗವೇ ಬಿದ್ದಿತ್ತು. ರಾಯಚೂರಿನಲ್ಲಿ ಮನೆ ಕಟ್ಟುವವರು ಬೈಯುತ್ತಲೇ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡಿಗೆ ಒಗ್ಗಿಕೊಂಡರು. ನೀತಿ ಬರೆದವರಿಗೆ ಬೇಕಾದದ್ದೂ ಅದೇ. ಆದರೆ ಇಲ್ಲಿನ ಟ್ರ್ಯಾಕ್ಟರುಗಳು ಮಾನ್ವಿಯ ಅಕ್ಕಿ ಗಿರಣಿಗಳಿಗೆ ಭತ್ತ ಹೊರಲು ಹೋದವು. ಅವುಗಳಲ್ಲಿ ಒಂದು ಮೌನೇಶ್ವರಿ ಅವರ ತಮ್ಮ ತಾಯಣ್ಣನದು. ಅಳತೆ ಕೊಟ್ಟ ಅಕ್ಕನೊಂದಿಗೆ ಆತ ವರ್ಷದಿಂದ ಮಾತು ಬಿಟ್ಟಿದ್ದಾನೆ.

ಹಂಚಿನ ಕಥೆ ಕೇಳಿದರೆ ಮೌನೇಶ್ವರಿ ನಗುತ್ತಾರೆ. ಹಸಿ ಮರಳಿನಲ್ಲಿ ಕೋಲು ಇಳಿಯಬಾರದೆಂದು ಕಚೇರಿಯವರು ಕೊಟ್ಟಿದ್ದ ತಗಡು ಮೊದಲ ದಿನವೇ ಹೊಳೆಯ ಪಾಲಾಯಿತು. ಮರುದಿನ ಅಡುಗೆಮನೆಯ ಹಂಚು ಬಂತು. ಅದರ ಎತ್ತರವನ್ನು ಶಂಶುದ್ದೀನ್ ಲೆಕ್ಕದಲ್ಲಿ ಕಳೆಯುತ್ತಾರೆ. "ಮನ್ಯಾಗ ನಾಕು ದಿನಾ ಬರೇ ಅನ್ನ ಉಣ್ಣಾಕತ್ತಾರ್ರಿ. ಬೈಗುಳನೂ ಬಿಸಿಬಿಸಿ ಅದಾವು."

ಒಟ್ಟು ಇನ್ನೂರು ಗುರುತು, ದಿನಕ್ಕೆ ನಲವತ್ತು. ಇಂದು ಐದನೆಯ, ಕೊನೆಯ ದಿನ. ನಿನ್ನೆ ಸಂಜೆಯ ಹೊತ್ತಿಗೆ ಸರಾಸರಿ ಹತ್ತೊಂಬತ್ತಕ್ಕೆ ಬಂದು ನಿಂತಿದೆ. ದಂಡೆಯ ಮೇಲೆ ಇಷ್ಟು ಜನ ಸೇರಿರುವುದು ಇದಕ್ಕೇ. ಒಂದೇ ಒಂದು ಸೆಂಟಿಮೀಟರ್!

ಇಲ್ಲೊಂದು ಗುಟ್ಟಿದೆ, ದಂಡೆಗೆಲ್ಲ ಗೊತ್ತಿರುವ ಗುಟ್ಟು. ಕೋಲನ್ನು ನಾಲ್ಕು ಬೆರಳು ಮೇಲೆತ್ತಿ ಹಿಡಿದರೆ ದುರ್ಬೀನಿಗೆ ನೆಲವೇ ಎದ್ದು ನಿಂತಂತೆ ಕಾಣುತ್ತದೆ. ಬಯಲಿನುದ್ದಕ್ಕೂ ಹಾಗೆ ಹಿಡಿದರೆ ಐದು ಸಾವಿರ ಟ್ರ್ಯಾಲಿ ಮರಳು ಗಾಳಿಯಲ್ಲೇ ಹುಟ್ಟುತ್ತದೆ. ಸೃಷ್ಟಿಕರ್ತ ಬ್ರಹ್ಮನಿಗೂ ಇಷ್ಟು ಅಗ್ಗದ ಉಪಾಯ ಹೊಳೆದಿರಲಿಕ್ಕಿಲ್ಲ.

ಎಂಟು ಗಂಟೆಗೆ ತಾಯಣ್ಣ ಇಳಿದು ಬರುತ್ತಾನೆ. ವರ್ಷದ ಮೇಲೆ ಮೊದಲ ಮಾತು.

"ಅಕ್ಕಾ, ನಾಕೇ ನಾಕು ಬೆರಳು. ಯಾರಪ್ಪನ ಗಂಟು ಹೋಗ್ತದ?"

ಮೌನೇಶ್ವರಿ ಕೋಲಿನಿಂದ ಕಣ್ಣು ಕೀಳುವುದಿಲ್ಲ. "ನಾ ಇಲ್ಲಿ ನಾಕು ಬೆರಳು ಎತ್ತಿದ್ರ ಊರ ಬಾವಿ ನಾಕು ಮಳ ಇಳೀತದ, ತಮ್ಮಾ. ಹಿಂದಕ ಹೊಳ್ಯಾನ ಉಸುಕು ಬಳದು ಬಾವಿ ಬತ್ತಿದಾಗ ಆ ಉಸುಕು ಬುಟ್ಟಿಲಿಂದ ಟ್ರ್ಯಾಲಿಗೆ ತುಂಬಿದಾಕಿ ನಾನ. ಟ್ರ್ಯಾಲಿ ನಿಂದು. ಮರೆತ್ಯಾ?"

ಆತ ಮರೆತಿಲ್ಲ. ದಂಡೆಯ ಈ ಓಣಿಯವರು ಎರಡು ಬೇಸಿಗೆ ಒಂದು ಮೈಲಿ ದೂರದಿಂದ ಕೊಡ ಹೊತ್ತಿದ್ದಾರೆ. ಬುಟ್ಟಿ ಹೊರುವುದನ್ನು ಮೌನೇಶ್ವರಿ ಬಿಟ್ಟದ್ದು ಆಗಲೇ. ತಾಯಣ್ಣ ಹಿಂದೆ ಸರಿಯುತ್ತಾನೆ, ಆದರೆ ಹೋಗುವುದಿಲ್ಲ. ಶಂಶುದ್ದೀನ್ ಆತನನ್ನು ಕರೆದು ದುರ್ಬೀನಿನಲ್ಲಿ ನೋಡಲು ಬಿಡುತ್ತಾರೆ. ಹೊಳೆಯ ತಿರುವಿನ ಒಳಮಗ್ಗುಲಲ್ಲಿ, ನೀರು ನಿಧಾನವಾಗಿ ಮರಳು ಇಳಿಸುವ ಜಾಗದಲ್ಲಿ, ಹಳೆಯ ಮಟ್ಟ ಕಳೆದು ಶಂಶುದ್ದೀನ್ ಬರೆಯುವ ಅಂಕಿಗಳು ಇಪ್ಪತ್ತೆಂಟು, ಮೂವತ್ತು, ಮೂವತ್ತಮೂರು ಎಂದು ಜಿಗಿಯುತ್ತವೆ. ಸ್ವಲ್ಪ ಹೊತ್ತಿಗೆ ತಾಯಣ್ಣನೇ ಆ ಅಂಕಿ ಓದಿ ದಂಡೆಗೆ ಕೂಗುತ್ತಿದ್ದಾನೆ. ದಂಡೆ ಪ್ರತಿ ಅಂಕಿಗೂ ಶಿಳ್ಳೆ ಹಾಕುತ್ತಿದೆ. ಸರ್ಕಾರಿ ಅಳತೆಯೊಂದಕ್ಕೆ ಶಿಳ್ಳೆ ಬಿದ್ದದ್ದು ಈ ಸೀಮೆಯಲ್ಲಿ ಬಹುಶಃ ಇದೇ ಮೊದಲು.

ಮಧ್ಯಾಹ್ನ ಶಂಶುದ್ದೀನ್ ಎರಡು ಸಲ ಕೂಡಿ, ಮೂರನೆಯ ಸಲ ಭಾಗಿಸಿ, ಕನ್ನಡಕ ಒರೆಸಿಕೊಂಡು ಹೇಳುತ್ತಾರೆ: ಇಪ್ಪತ್ತೊಂದು. ಬಯಲಿನ ಬೀಗ ತೆರೆಯಲು ಅಷ್ಟು ಸಾಕು. ಅರ್ಧವೇ ಸಿಗುವುದು ಎಂಬ ತಕರಾರು ನಾಳೆಗೆ ಇರಲಿ ಎಂದು ದಂಡೆಯವರು ಹಾಡಿನ ಟೇಪು ಹಚ್ಚಿ ಕುಣಿಯುತ್ತಾರೆ. ತಾಯಣ್ಣ ಅಕ್ಕನ ಹೆಗಲಿನ ಕೋಲು ಇಸಿದುಕೊಂಡು ಮುಂದೆ ನಡೆಯುತ್ತಾನೆ.

ಹತ್ತೊಂಬತ್ತಕ್ಕೇ ನಿಂತಿದ್ದರೆ? ಮೌನೇಶ್ವರಿ ಸೀರೆಯ ಮರಳು ಕೊಡವಿಕೊಳ್ಳುತ್ತಾರೆ.

"ಹತ್ತೊಂಬತ್ತು ಅಂತನ ಬರಸ್ತಿದ್ದೆ. ಎಷ್ಟು ತಂದೀನಂತ ಹೊಳಿನ ಹೇಳಬೇಕ್ರಿ. ನಾ ಬರೇ ಕೋಲು ನೆಟ್ಟಗ ಹಿಡದೀನಿ."