ಕರೆದರೆ ಬರುವ ನಾಯಿ

ನಾಯಿಗೆ ಹಾಜರಿ ಪುಸ್ತಕ ಇಟ್ಟ ಹೆಂಗಸು ತುಮಕೂರಿನಲ್ಲಿ ಬಹುಶಃ ನಾನೊಬ್ಬಳೇ. ಈ ಸಂಗತಿ ಮನೆಯವರಿಗೂ ತಿಳಿಯಬಾರದೆಂದು ಪುಸ್ತಕವನ್ನು ಅಡುಗೆಮನೆಯಲ್ಲಿ ಬೇಳೆ ಡಬ್ಬಿಗಳ ಹಿಂದೆ ಇಟ್ಟಿದ್ದೆ. ಈಗಲೂ ಅಲ್ಲಿಯೇ ಇದೆ. ಅದರ ಕೊನೆಯ ಪುಟವೊಂದನ್ನು ಬಿಟ್ಟು ಉಳಿದುದನ್ನು ನಗುತ್ತಲೇ ತೋರಿಸಬಲ್ಲೆ. ಕೊನೆಯ ಪುಟವನ್ನು ಮಾತ್ರ ಒಬ್ಬಳೇ ಇರುವಾಗ ತೆರೆಯುವುದಿಲ್ಲ.

ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು ಬಟವಾಡಿಯ ಮನೆಯಲ್ಲಿ ಕುಳಿತವಳಿಗೆ ಬೆಳಗಿನ ಹತ್ತು ಗಂಟೆಯಾದರೆ ಗಂಟಲು ಕೆರೆಯುತ್ತಿತ್ತು. ಯಾರ ಹೆಸರನ್ನಾದರೂ ಕೂಗಬೇಕು, ಯಾರಾದರೂ ಓಗೊಡಬೇಕು. ಮನೆಯಲ್ಲಿದ್ದವರು ಯಜಮಾನರೊಬ್ಬರೇ. ಗಂಡನ ಹೆಸರು ಹಿಡಿದು ಕೂಗುವ ರೂಢಿ ನನ್ನ ತಲೆಮಾರಿನವರಿಗಿಲ್ಲ. 'ರೀ' ಎಂದರೆ ಅವರು 'ಹೂಂ' ಎನ್ನುತ್ತಾರೆಯೇ ಹೊರತು ಬರುವುದಿಲ್ಲ. ಆದ್ದರಿಂದ ನಾಯಿ ಬಂತು.

ಕುಣಿಗಲ್ಲಿನ ಗೆಳತಿಯೊಬ್ಬಳ ಮನೆಯಿಂದ ಬಟ್ಟೆಯ ಚೀಲದಲ್ಲಿ ಕುಳಿತು, ಬಸ್ಸಿನ ಕಿಟಕಿಯಿಂದ ಮೂಗು ಹೊರಗಿಟ್ಟು ಬಂದ ಮರಿ ಅದು. ತಾಯಿ ಅಪ್ಪಟ ಬೀದಿನಾಯಿ. ತಂದೆ ಯಾವುದೋ ವಿದೇಶಿ ವಂಶದವನೆಂದು ಕೇಳಿಕೆ. ಮೂತಿಯಿಂದ ನಡುವಿನವರೆಗೆ ಪದ್ಯ, ಅಲ್ಲಿಂದ ಬಾಲದವರೆಗೆ ಗದ್ಯ. ಹಾಗಾಗಿ ಚಂಪೂ ಎಂದು ಹೆಸರಿಟ್ಟೆ. ಮುದ್ದಿನ ಹೆಸರೆಂದು ಬೀದಿಯವರು ಮೆಚ್ಚಿದರು. ನಾನು ವಿವರಿಸಲು ಹೋಗಲಿಲ್ಲ.

ಅವನಿಗೆ ನಾನು ಕಲಿಸಿದ್ದು ಒಂದೇ ಪಾಠ: ಕರೆದರೆ ಬರಬೇಕು. ದೂರದಲ್ಲಿರುವವರನ್ನು ಕರೆಯುವಾಗ ಹೆಸರಿನ ಕೊನೆಯ ಸ್ವರವನ್ನು ಪ್ಲುತಕ್ಕೆ ಎಳೆಯಬೇಕು. 'ಬಾ' ಎಂಬುದು ಮಾತ್ರ ದೀರ್ಘದಲ್ಲಿಯೇ ನಿಲ್ಲಬೇಕು, ಅಲ್ಲಿ ಅಂಗಲಾಚುವಿಕೆ ಕೇಳಿಸಬಾರದು. ಭಾನುವಾರಗಳಂದು ಸತ್ಯಮಂಗಲದ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತಿದ್ದೆವು. ಅಂದು ಕಾರ್ಖಾನೆಗಳಿಗೆ ರಜೆ. ಒಂದು ವರ್ಕ್‌ಶಾಪಿನ ಹಿಂದೆ ನಾಲ್ಕೂ ಕಡೆ ಗೋಡೆಯಿರುವ ಖಾಲಿ ಜಾಗ. ಅಲ್ಲಿ ಬೆಲ್ಟು ಕಳಚುತ್ತಿದ್ದೆ. ಅವನು ಮೂಲೆ ಮುಟ್ಟಿದಾಗ, ಮೊಬೈಲಿನ ವೀಡಿಯೊ ಹೇಳಿಕೊಟ್ಟಂತೆ ಕುಕ್ಕರುಗಾಲಲ್ಲಿ ಕುಳಿತು, ತೋಳು ಚಾಚಿ, 'ಚಂಪೂ, ಬಾ' ಎನ್ನುತ್ತಿದ್ದೆ. ಬಾಣದಂತೆ ಬರುತ್ತಿದ್ದ. ಒಂದು ಚೂರು ಕೊಬ್ಬರಿ ಕೊಟ್ಟು, ಮನೆಗೆ ಬಂದು ಪುಸ್ತಕದಲ್ಲಿ ಬರೆಯುತ್ತಿದ್ದೆ: ದಿನಾಂಕ, ಸ್ಥಳ, ಕರೆದ ಸಲ, ಹಾಜರಿ. ನಾಲ್ಕು ತಿಂಗಳಲ್ಲಿ ಒಂದೇ ಒಂದು ಗೈರು ಇರಲಿಲ್ಲ.

ಎದುರಿನ ಔಷಧಿ ಅಂಗಡಿಯ ನಾಗರಾಜು ಅಚ್ಚರಿಪಡುತ್ತಿದ್ದ. "ಏನ್ ಮೇಡಂ, ನಿಮ್ ನಾಯಿನ ಮಿಲಿಟ್ರಿಗ್ ಕಳಿಸ್ತೀರಾ? ನನ್ ಮಗ ಹತ್ ಸಲ ಕರೆದ್ರೂ ಮೊಬೈಲಿಂದ ತಲೆ ಎತ್ತಲ್ಲ."

ಹೆಮ್ಮೆಪಟ್ಟೆ. ಅಷ್ಟು ವರ್ಷ ಪಾಠ ಮಾಡಿದವಳು ಒಂದು ವಿಷಯವನ್ನು ಮರೆತಿದ್ದೆ: ನಾಲ್ಕು ಗೋಡೆಗಳ ನಡುವೆ ಪಟಪಟನೆ ಉತ್ತರ ಹೇಳುವ ವಿದ್ಯಾರ್ಥಿಗೆ ಅದೇ ಪ್ರಶ್ನೆಯನ್ನು ಬೇರೆ ಊರಿನ ಪರೀಕ್ಷಾ ಕೊಠಡಿಯಲ್ಲಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು.

ಗುಬ್ಬಿಯ ಆಚೆ ನನ್ನ ತಮ್ಮ ಶಿವಣ್ಣನ ತೆಂಗಿನ ತೋಟವಿದೆ. ಅವನು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾನೆ. ತೋಟ, ದನ ಎಲ್ಲವನ್ನೂ ನೋಡಿಕೊಳ್ಳುವವಳು ಅವನ ಹೆಂಡತಿ ಮಂಜುಳ. ಕಳೆದ ಮಾರ್ಗಶಿರದಲ್ಲಿ ನಾಲ್ಕು ದಿನ ಇರೋಣವೆಂದು ಚಂಪೂವಿನೊಂದಿಗೆ ಅಲ್ಲಿಗೆ ಹೋದೆ. ಚೀಲದಲ್ಲಿ ಹಾಜರಿ ಪುಸ್ತಕವೂ ಇತ್ತು.

ಊರು ಬದಲಾದಂತೆ ಕಂಡಿತು. ಡೈರಿಗೆ ಹಾಲು ಹಾಕಲು ಹೋಗುವವರು ಇಬ್ಬಿಬ್ಬರಾಗಿ ಹೋಗುತ್ತಿದ್ದರು. ತೋಟಕ್ಕೆ ಇಳಿಯುವವರ ಜೇಬಿನಲ್ಲಿ ಮೊಬೈಲು ಜೋರಾಗಿ ಹಾಡುತ್ತಿತ್ತು, ಹಾಡು ಯಾರಿಗೂ ಬೇಕಿರಲಿಲ್ಲ. ಯಾವ ಅಂಗಳದಲ್ಲಿಯೂ ನಾಯಿ ಬೊಗಳಲಿಲ್ಲ. ಕಾರಣವನ್ನು ಮಂಜುಳ ಹೇಳಿದಳು: ಚಿರತೆ. ಎರಡು ವಾರದಲ್ಲಿ ಮೂರು ಮನೆಯ ನಾಯಿಗಳನ್ನು ಅಂಗಳದಿಂದಲೇ ಒಯ್ದಿತ್ತು. ಅರಣ್ಯ ಇಲಾಖೆಯವರು ತೋಟದ ಕೊನೆಯಲ್ಲಿ, ಹಳ್ಳದ ಪಕ್ಕ, ಬೋನು ಇಟ್ಟಿದ್ದರು. ಅದರ ಒಳಗಿನ ಸಣ್ಣ ಗೂಡಿನಲ್ಲಿ ಎಲ್ಲಿಂದಲೋ ಹಿಡಿದು ತಂದ ಬೀದಿನಾಯಿಯೊಂದನ್ನು ಕೂಡಿಹಾಕಿದ್ದರು. ಅದು ಬೊಗಳಬೇಕು, ಚಿರತೆ ಬರಬೇಕು, ದೊಡ್ಡ ಭಾಗದೊಳಗೆ ಕಾಲಿಟ್ಟೊಡನೆ ಬಾಗಿಲು ಬೀಳಬೇಕು. ಆ ನಾಯಿಗೆ ಅನ್ನ, ನೀರು ಕೊಡುವ ಸರದಿ ಮನೆಮನೆಗೆ ಹಂಚಿಕೆಯಾಗಿತ್ತು.

"ಅದ್ರ ಹೆಸರೇನು?" ಎಂದು ಕೇಳಿದೆ, ಅಭ್ಯಾಸಬಲದಿಂದ.

"ಅದ್ಕ್ಯಾಕ್ ಅತ್ತಿಗೆ ಹೆಸ್ರು?" ಎಂದಳು ಮಂಜುಳ. "ಇನ್ನೊಂದ್ ವಿಸ್ಯ. ತ್ವಾಟ್ದಾಗೆ ಬಗ್ಗಬ್ಯಾಡಿ, ಕುಂತ್ಕಬ್ಯಾಡಿ. ನಿಂತಿದ್ರೆ ಮನ್ಸ ಅಂತ ಅದ್ಕೆ ಗೊತ್ತಾಯ್ತದೆ. ಕುಂತ್ರೆ ನಾವೂ ಒಂದ್ ಕರುನೇ."

ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬಂದ ಶಿವಣ್ಣ ಮೊದಲು ನೋಡಿದ್ದು ನನ್ನನ್ನಲ್ಲ, ಚಂಪೂವನ್ನು. "ನಾಯಿ ಬುಡಬ್ಯಾಡ ಕಣಕ್ಕ. ಇದು ಬಟವಾಡಿ ಅಲ್ಲ."

"ಕರೆದ್ರೆ ಬರ್ತಾನೆ ಕಣೋ. ಒಂದ್ ದಿನ ತಪ್ಪಿಲ್ಲ."

"ಅವ್ನೂ ಬತ್ತಾನೆ," ಎಂದ ಶಿವಣ್ಣ, ಚಪ್ಪಲಿ ಬಿಡುತ್ತ. "ಇನ್ನೊಂದೂ ಬತ್ತದೆ."

ಎರಡು ದಿನ ಅವನ ಮಾತು ನಡೆಸಿದೆ. ಮೂರನೆಯ ಬೆಳಗಿನ ತಪ್ಪಿಗೆ ನನ್ನಲ್ಲಿರುವ ಸಮಜಾಯಿಷಿಯನ್ನು ಹೇಳಲು ನಾಚಿಕೆಯಾಗುತ್ತದೆ: ಪುಸ್ತಕದಲ್ಲಿ ಗುಬ್ಬಿಯ ಸಾಲು ಖಾಲಿಯಿತ್ತು.

ಆಗ ಆರೂವರೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಳದ ಆಚೆ ತೆಂಗಿನ ಮರಗಳ ಮೊದಲ ಸಾಲು ಮಾತ್ರ ಕಾಣುತ್ತಿತ್ತು. ಎರಡನೆಯ ಸಾಲು ಇರಬಹುದೆಂದು ಊಹಿಸಬೇಕಿತ್ತು. ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನಂತೆ ಮರಗಳು ಅಲುಗದೆ ನಿಂತಿದ್ದವು. ಅಂದು ಪಾಳಿಗೆ ರಜೆಯಿದ್ದ ಶಿವಣ್ಣ ಕೊಟ್ಟಿಗೆಯಲ್ಲಿದ್ದ. ನಾನು ಬೆಲ್ಟು ಕಳಚಿದೆ.

ಮೊದಲನೆಯ ಕರೆಗೆ ಚಂಪೂ ಬಂದ. ಎರಡನೆಯ ಕರೆಗೂ ಬಂದ. ಹಿತ್ತಲಿನ ಬಾಗಿಲಿಗೆ ಬಂದ ಮಂಜುಳ ಅದನ್ನು ನೋಡಿ, "ಅಯ್ಯೋ, ಕಟ್ಟಿ ಅತ್ತಿಗೆ!" ಎಂದು ಕೂಗಿದಳು. ಅವಳಿಗೆ ತೋರಿಸಲೆಂದೇ ಮೂರನೆಯ ಸಲ ಅವನನ್ನು ದೂರ ಬಿಟ್ಟೆ. ಆಗ ಹಳ್ಳದ ಕಡೆಯಿಂದ ಆ ಹೆಸರಿಲ್ಲದ ನಾಯಿ ಕೂಗಿತು. ಅದು ಬೊಗಳುವಿಕೆ ಅಲ್ಲ. ಸಣ್ಣ ಮಗು ನಿದ್ದೆಯಲ್ಲಿ ಬೆಚ್ಚಿದ ಹಾಗೆ ಒಂದೇ ಎಳೆಯ ಕೂಗು.

ಚಂಪೂ ನಿಂತ. ಮುಂದಿನ ಒಂದು ಕಾಲು ಎತ್ತಿದ್ದು ಹಾಗೆಯೇ ಉಳಿಯಿತು. "ಚಂಪೂ, ಬಾ" ಎಂದೆ. ಅವನ ಎಡಗಿವಿ ನನ್ನ ಕಡೆ ತಿರುಗಿತು. ಕೇಳಿಸಿತು ಎಂಬುದರಲ್ಲಿ ಸಂಶಯವಿಲ್ಲ. ಬಲಗಿವಿ ಹಳ್ಳದ ಕಡೆಗೇ ಇತ್ತು. ಒಂದು ಕ್ಷಣ ಎರಡು ಕಿವಿಗಳ ನಡುವೆ ಅವನ ತಲೆ ನಡುಗಿತು. ಆಮೇಲೆ ಅವನು ಮಂಜಿನೊಳಗೆ ಹೋದ. ಓಡಲಿಲ್ಲ, ಹೋದ. ಬಾಲ ಕೊನೆಗೆ ಮರೆಯಾಯಿತು.

ಬೇಟೆಯಲ್ಲಿ ಸತ್ತ ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆ ಕಲ್ಲುಗಳ ಪಾಠವನ್ನು ಮಾಡುವಾಗಲೆಲ್ಲ ನಾಯಿಯ ಶೌರ್ಯವನ್ನು ಕೊಂಡಾಡಿದ್ದೇನೆ. ಕಲ್ಲಿನಲ್ಲಿ ನಾಯಿ ಇರುತ್ತದೆ, ಹಂದಿ ಇರುತ್ತದೆ. ನಾಯಿಯ ಒಡೆಯ ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಈಗ ನನಗೆ ಗೊತ್ತು. ಶಿಲ್ಪಿ ಕೆತ್ತದೆ ಬಿಟ್ಟ ಜಾಗದಲ್ಲಿ ನಿಂತು 'ಬಾ, ಬಾ' ಎಂದು ಕಿರುಚುತ್ತಿದ್ದ.

ನಾನೂ ಕಿರುಚುತ್ತ ತೋಟದೊಳಗೆ ಹೋದೆ. ಮಂಜುಳ ಹಿಂದಿನಿಂದ ಕರೆದಳು; ನಿಲ್ಲಲಿಲ್ಲ. ಹತ್ತು ಹೆಜ್ಜೆಗೆ ಮನೆ ಇಲ್ಲವಾಯಿತು. ನನ್ನ ಧ್ವನಿ ಒಮ್ಮೆ ಎಡಗಡೆಯಿಂದ, ಒಮ್ಮೆ ಹಿಂದಿನಿಂದ ನನಗೇ ಬಂದು ತಾಕುತ್ತಿತ್ತು, ಬೇರೆ ಯಾರೋ ನನ್ನ ನಾಯಿಯನ್ನು ಕರೆಯುತ್ತಿರುವಂತೆ. ಗರಿಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ದೂರದಲ್ಲಿ ಕಬ್ಬಿಣದ ಬಾಗಿಲೊಂದು ಧಡಾರನೆ ಬಿದ್ದ ಸದ್ದಾಯಿತು. ಅದಾದ ಮೇಲೆ ಇಬ್ಬನಿಯ ಸದ್ದೂ ನಿಂತಂತೆ ಅನಿಸಿತು.

ತೆಂಗಿನ ಗರಿ ಹೊದಿಸಿದ ಬೋನು ಮಂಜಿನಿಂದ ಒಮ್ಮೆಲೇ ಎದುರಾಯಿತು. ಬಾಗಿಲು ಬಿದ್ದಿತ್ತು. ಸರಳುಗಳ ಹಿಂದೆ ಚಂಪೂ ನಿಂತಿದ್ದ. ಜಾಲರಿಯ ಆಚೆ, ಒಳಗೂಡಿನಲ್ಲಿ, ಹೆಸರಿಲ್ಲದ ನಾಯಿ ನೆಲಕ್ಕೆ ಅಂಟಿಕೊಂಡಿತ್ತು. ಬದುಕಿದ್ದಾನೆ! ನಾಲ್ಕು ತಿಂಗಳ ಅಭ್ಯಾಸ ನನ್ನನ್ನು ಕುಕ್ಕರುಗಾಲಲ್ಲಿ ಕುಳ್ಳಿರಿಸಿತು. ತೋಳು ಚಾಚಿದೆ. "ಚಂಪೂ, ಬಾ" ಎಂದೆ, ನಮ್ಮಿಬ್ಬರ ನಡುವೆ ಕಬ್ಬಿಣವಿದೆ ಎಂಬುದನ್ನೂ ಯೋಚಿಸದೆ.

ಅವನು ನನ್ನನ್ನು ನೋಡಲಿಲ್ಲ. ಆ ಇನ್ನೊಂದು ನಾಯಿಯೂ ನೋಡಲಿಲ್ಲ. ಎರಡೂ ನನ್ನ ಎಡಭುಜದ ಮೇಲಿಂದ, ನನ್ನ ಹಿಂದೆ, ಒಂದೇ ಕಡೆ ನೋಡುತ್ತಿದ್ದವು. ಗುರುಗುಟ್ಟಲಿಲ್ಲ, ಬಾಲ ಅಲ್ಲಾಡಿಸಲಿಲ್ಲ. ಚಂಪೂವಿನ ಕಣ್ಣು ಬಹಳ ನಿಧಾನವಾಗಿ, ಎಡದಿಂದ ಬಲಕ್ಕೆ, ಒಂದಿಷ್ಟೇ ಸರಿಯಿತು. ಇನ್ನೊಂದರ ಕಣ್ಣೂ ಅಷ್ಟೇ ಸರಿಯಿತು.

ಆಗ ಮೂಗಿಗೆ ಒಂದು ವಾಸನೆ ಬಂತು. ಸಣ್ಣಕ್ಕಿ ಬೇಯುವಾಗ ಪಾತ್ರೆಯಿಂದ ಏಳುವ ಘಮಲು. ಇಷ್ಟು ಬೆಳಿಗ್ಗೆ ಇಲ್ಲಿ ಯಾರು ಅನ್ನಕ್ಕಿಟ್ಟಿದ್ದಾರೆ ಎಂದುಕೊಂಡೆ. ಅಷ್ಟು ಶಾಂತವಾಗಿಯೇ ಹಾಗೆ ಯೋಚಿಸಿದೆ. ಬೋನು ಚಿರತೆಗಾಗಿ ಮಾಡಿದ್ದು. ನಾಯಿಗಳೆರಡೂ ಅದರೊಳಗೆ ಭದ್ರವಾಗಿದ್ದವು. ಹೊರಗೆ ಇದ್ದವಳು ನಾನು. ಅದೂ ಕುಳಿತು.

"ಅಕ್ಕ." ಶಿವಣ್ಣನ ಧ್ವನಿ. ಎಲ್ಲಿಂದ ಎಂದು ತಿಳಿಯಲಿಲ್ಲ. "ಎದ್ದೇಳು. ನಿಧಾನಕ್ಕೆ. ನನ್ ಕಡೆ ಬಾ."

ಕೇಳಿಸಿತು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಎದ್ದು ಅವನ ಕಡೆ ಹೋಗುವುದಕ್ಕಿಂತ ಹೆಚ್ಚಾಗಿ ನಾನು ಬಯಸಿದ್ದು ಆ ಹೊತ್ತಿನಲ್ಲಿ ಏನೂ ಇರಲಿಲ್ಲ. ಕಾಲು ಏಳಲಿಲ್ಲ.

"ಅಕ್ಕಾ, ಬಾ." ಇದು ಎರಡನೆಯದು. ನಾನು ನೋಡುತ್ತಿದ್ದುದು ಚಂಪೂವಿನ ಕಣ್ಣನ್ನು ಮಾತ್ರ. ಅದು ಸರಿದರೆ ನನ್ನ ಹಿಂದಿನದು ಸರಿಯಿತು ಎಂದರ್ಥ. ಬಿಟ್ಟು ಹೋಗುವುದು ಹೇಗೆ?

"ಬಾರೇ ಅಕ್ಕಯ್ಯಾ!" ಮೂರನೆಯದರಲ್ಲಿ ಅಂಗಲಾಚುವಿಕೆ ಕೇಳಿಸುತ್ತಿತ್ತು.

ಅಲ್ಲಿಗೆ ಅವನು ಕರೆಯುವುದನ್ನು ನಿಲ್ಲಿಸಿದ. ಮಂಜುಳ ಸ್ಟೀಲ್ ತಟ್ಟೆಯ ಮೇಲೆ ಸೌಟಿನಿಂದ ಬಡಿಯತೊಡಗಿದಳು. ಆ ಸದ್ದು ಹತ್ತಿರ ಬಂತು, ಅದರ ಮುಂದೆ ಶಿವಣ್ಣ ಬಂದ. ಬಂದು ನನ್ನ ಮುಂಗೈ ಹಿಡಿದು ಎತ್ತಿ ನಿಲ್ಲಿಸಿದ. ನನ್ನ ಹಿಂದೆ ಒಣಗಿದ ಗರಿಯೊಂದು ಒಮ್ಮೆ ಮಾತ್ರ ಸದ್ದು ಮಾಡಿತು. ಮಂಜುಳ ತಟ್ಟೆ ಬಡಿಯುತ್ತಲೇ ಅಳುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ. ಇಂದಿನವರೆಗೂ ನಾನು ಅದನ್ನು ನೋಡಿಲ್ಲ.

ಮಂಜು ಕರಗಿದ ಮೇಲೆ ಶಿವಣ್ಣ ತೋರಿಸಿದ. ಹಿಂದಿನ ದಿನ ನೀರು ಬಿಟ್ಟಿದ್ದ ಪಾತಿಯ ಒದ್ದೆ ಮಣ್ಣಿನಲ್ಲಿ ಒಂದು ಹೆಜ್ಜೆ, ಅದರ ಪಕ್ಕದಲ್ಲಿ ಇನ್ನೊಂದು. ನಾನು ಕುಳಿತಿದ್ದ ಜಾಗಕ್ಕೂ ಅದಕ್ಕೂ ಇದ್ದ ದೂರ, ಮೇಷ್ಟ್ರ ಮೇಜಿನಿಂದ ಕೊನೆಯ ಬೆಂಚಿನವರೆಗೆ ಇರುವಷ್ಟು. ಕೊನೆಯ ಬೆಂಚಿನವರು ಏನು ಮಾಡುತ್ತಾರೆ ಎಂಬುದು ಬೆನ್ನು ತಿರುಗಿಸಿದ್ದರೂ ನನಗೆ ತಿಳಿಯುತ್ತದೆ ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದವಳು ನಾನು.

"ಅಕ್ಕಪಕ್ಕದಲ್ಲಿ ಯಾರ ಮನೇಲಿ ಸಣ್ಣಕ್ಕಿ ಅನ್ನ ಮಾಡ್ತಿದ್ರು?" ಎಂದು ಕೇಳಿದೆ.

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. "ಇಲ್ಲಿ ಯಾರಿದ್ದಾರೆ ಅತ್ತಿಗೆ, ಅನ್ನ ಮಾಡಕೆ?" ಎಂದಳು ಮಂಜುಳ. ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು: "ಅದು ಹತ್ರ ಬಂದ್ರೆ ಹಂಗೇ ವಾಸ್ನೆ ಬತ್ತದೆ ಅಂತಿದ್ರು ನಮ್ಮಜ್ಜಿ."

ಅರಣ್ಯ ಇಲಾಖೆಯವರು ಹತ್ತು ಗಂಟೆಗೆ ಬಂದರು. "ಚಿರತೆ ಬಿತ್ತು ಅಂತ ಓಡ್ ಬಂದ್ರೆ, ಏನ್ ಮೇಡಂ ಇದು? ರಿಪೋರ್ಟಲ್ಲಿ ಏನಂತ ಬರ್ಕೊಳ್ಳಲಿ?" ಎಂದ ಗಾರ್ಡು, ಬಾಗಿಲು ಎತ್ತಿ ಹಿಡಿದ. ಕರೆದೆ. ಬಾಗಿಲು ತೆರೆದಿದ್ದರೂ ಚಂಪೂ ಬರಲಿಲ್ಲ. ಪಾತಿಯ ಕಡೆಗೇ ನೋಡುತ್ತಿದ್ದ. ಕೊನೆಗೆ ಸೀರೆ ಎತ್ತಿ ಕಟ್ಟಿ, ಮಂಡಿಯೂರಿ ಬೋನಿನೊಳಗೆ ತೆವಳಿ, ಅವನನ್ನು ಎದೆಗವಚಿಕೊಂಡು ಹೊರಗೆ ಬಂದೆ. ಬರುವಾಗ ಜಾಲರಿಯ ಆಚೆಯ ನಾಯಿ ನನ್ನನ್ನು ನೋಡಿತು. ಅದನ್ನು ಬಿಡಿ ಎಂದು ಬೇಡಿದೆ. "ನಾಕ್ ದಿನ ಮೇಡಂ" ಎಂದು ಗಾರ್ಡು ಬಾಗಿಲನ್ನು ಮತ್ತೆ ಹೂಡಿದ. ಐದನೆಯ ದಿನ ಚಿರತೆ ಸಿಕ್ಕಿತಂತೆ, ನಾಯಿಯನ್ನು ಬಿಟ್ಟರಂತೆ. ಹಿಂದೆ ತಿರುಗದೆ ಓಡಿತು ಎಂದು ಮಂಜುಳ ಫೋನಿನಲ್ಲಿ ಹೇಳಿದಳು. ಅದನ್ನು ಕರೆಯಲು ಯಾರಿಗೂ ಹೆಸರು ಗೊತ್ತಿರಲಿಲ್ಲ.

ಬಟವಾಡಿಗೆ ಬಂದ ದಿನವೇ ಪುಸ್ತಕದ ಕೊನೆಯ ಪುಟವನ್ನು ಭರ್ತಿ ಮಾಡಿದೆ. ಚಂಪೂ, ಸ್ಥಳ ಗುಬ್ಬಿ, ಮೂರನೆಯ ಕರೆಗೆ ಗೈರು. ಬರೆದು ಮುಗಿಸಿದರೂ ಲೆಕ್ಕ ಸರಿಹೋಗಲಿಲ್ಲ. ಅದರ ಕೆಳಗೆ ನನ್ನ ಹೆಸರನ್ನು ಬರೆದೆ. ಸ್ಥಳ ಅದೇ, ಮೂರು ಸಲ ಕರೆಯಲಾಗಿದೆ, ಮೂರು ಸಲವೂ ಗೈರು. ಆ ಸಾಲಿನ ನಂತರ ಪುಸ್ತಕದಲ್ಲಿ ಏನನ್ನೂ ಬರೆದಿಲ್ಲ. ಅವಿಧೇಯತೆ ಎಂದು ನಾನು ಕೆಂಪು ಶಾಯಿಯಲ್ಲಿ ಬರೆದ ಎಷ್ಟು ಮಕ್ಕಳ ಹಿಂದೆ ಏನೇನು ನಿಂತಿತ್ತೋ ಎಂದು ಈಗೀಗ ಯೋಚಿಸುತ್ತೇನೆ.

ಚಂಪೂ ಈಗ ಬೆಲ್ಟಿಲ್ಲದೆ ಗೇಟು ದಾಟುವುದಿಲ್ಲ. "ಬಿಚ್ ಬಿಡಿ ಮೇಡಂ, ಕರೆದ್ರೆ ಬರುತ್ತಲ್ಲ!" ಎನ್ನುತ್ತಾನೆ ನಾಗರಾಜು. ಬರುತ್ತಾನೆ, ಬರಲು ಸಾಧ್ಯವಾದಾಗ ಎಂದು ಹೇಳಿ ಬೆಲ್ಟನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತೇನೆ.

ಒಂದು ಮಾತ್ರ ಉಳಿದಿದೆ. ನಾನು ಸಣ್ಣಕ್ಕಿಯನ್ನು ಒಲೆಗಿಟ್ಟು, ಘಮಲು ಏಳುವ ಹೊತ್ತಿಗೆ, ಚಂಪೂ ಕೆಲವೊಮ್ಮೆ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತುಬಿಡುತ್ತಾನೆ. ಮುಂದಿನ ಒಂದು ಕಾಲು ಎತ್ತಿರುತ್ತದೆ. ನನ್ನ ಎಡಭುಜದ ಮೇಲಿಂದ ನೋಡುತ್ತಿರುತ್ತಾನೆ. ನನ್ನ ಹಿಂದೆ ಬೇಳೆ ಡಬ್ಬಿಗಳಿವೆ, ಮತ್ತೇನೂ ಇಲ್ಲ. ಆದರೂ ನಾನು ತಿರುಗುವುದಿಲ್ಲ. ಅವನನ್ನು ಕರೆಯುವುದೂ ಇಲ್ಲ. ಸೌಟನ್ನು ಕೆಳಗಿಟ್ಟು, ನಾನೇ ಅವನ ಬಳಿಗೆ ಹೋಗುತ್ತೇನೆ.